ಅಲ್ಟಿಮೇಟಂ: ಗಡುವು ಹೊತ್ತು ಬರುವ ಕೊನೆಯ ಬೇಡಿಕೆ

ಅಲ್ಟಿಮೇಟಂ ಎಂದರೆ ಎದುರಾಳಿಯ ಮುಂದೆ ಒಂದು ಬೇಡಿಕೆ ಇಟ್ಟು, ಇಂತಿಷ್ಟು ಹೊತ್ತಿನೊಳಗೆ ಅದನ್ನು ಒಪ್ಪದಿದ್ದರೆ ಇಂಥ ಕ್ರಮ ಕೈಗೊಳ್ಳುತ್ತೇವೆ ಎಂದು ಕೊಡುವ ಅಂತಿಮ ಎಚ್ಚರಿಕೆ. ರಾಜತಾಂತ್ರಿಕರ ಪತ್ರವ್ಯವಹಾರದಲ್ಲಿ ಹುಟ್ಟಿ ಬೆಳೆದ ಈ ಇಂಗ್ಲಿಷ್ ಪದ ಇಂದು ಕಾರ್ಮಿಕ ಸಂಘಟನೆಗಳ ಪತ್ರಿಕಾಗೋಷ್ಠಿಯಲ್ಲೂ ಪಕ್ಷಗಳ ಭಿನ್ನಮತದ ಸುದ್ದಿಯಲ್ಲೂ ಮನೆಮಂದಿಯ ಜಗಳದಲ್ಲೂ ಕೇಳಿಬರುತ್ತದೆ. ಬಳಕೆ ಹೆಚ್ಚಾದಂತೆ ಪದದ ಬಿಗಿ ಸಡಿಲವಾಗಿದೆ. ಸಾಧಾರಣ ಒತ್ತಾಯವನ್ನೂ ಅಲ್ಟಿಮೇಟಂ ಎಂದು ಕರೆಯುವುದುಂಟು. ಆದರೆ ಇತಿಹಾಸದಲ್ಲಿ ಈ ಕೊನೆಯ ಮಾತು ಸಾಮ್ರಾಜ್ಯಗಳನ್ನು ಉರುಳಿಸಿದೆ, ಕೋಟ್ಯಂತರ ಜನರನ್ನು ಯುದ್ಧಕ್ಕೆ ದೂಡಿದೆ. ಒಮ್ಮೊಮ್ಮೆ ಒಂದು ಹನಿ ರಕ್ತ ಸುರಿಸದೆ ಯುದ್ಧವನ್ನು ತಪ್ಪಿಸಿಯೂ ಇದೆ.

ಪದದ ಮೂಲ ಮತ್ತು ಅರ್ಥ

ಲ್ಯಾಟಿನ್‌ನಲ್ಲಿ ‘ಅಲ್ಟಿಮಸ್’ ಎಂದರೆ ಕೊನೆಯದು, ಅದರಾಚೆ ಮತ್ತೊಂದಿಲ್ಲದ್ದು. ಅದರಿಂದ ಬಂದ ‘ಅಲ್ಟಿಮೇಟಂ’ 18ನೇ ಶತಮಾನದ ಹೊತ್ತಿಗೆ ಇಂಗ್ಲಿಷ್‌ನಲ್ಲಿ ನೆಲೆಯೂರಿತು. ಸಂಧಾನದಲ್ಲಿ ಒಂದು ಪಕ್ಷ ಮುಂದಿಡುವ ಕಟ್ಟಕಡೆಯ ಷರತ್ತು ಎಂಬುದು ಅದರ ಮೊದಲ ಅರ್ಥ. ಆ ಷರತ್ತನ್ನು ತಿರಸ್ಕರಿಸಿದರೆ ಬಲಪ್ರಯೋಗ ಎಂಬ ಅರ್ಥ ಅದಕ್ಕೆ ಬೇಗನೆ ಅಂಟಿಕೊಂಡಿತು. ಇಂಗ್ಲಿಷ್‌ನಲ್ಲಿ ಇದರ ಬಹುವಚನ ‘ಅಲ್ಟಿಮೇಟಮ್ಸ್’. ‘ಅಲ್ಟಿಮೇಟಾ’ ಎಂಬ ಹಳೆಯ ರೂಪವೂ ಇದೆ.

ಕನ್ನಡ ಪತ್ರಿಕೆಗಳು ಸಂದರ್ಭ ನೋಡಿಕೊಂಡು ‘ಗಡುವು’, ‘ಅಂತಿಮ ಎಚ್ಚರಿಕೆ’, ‘ಅಂತಿಮ ಷರತ್ತು’ ಎಂದು ಬರೆಯುತ್ತವೆ. ಸರ್ಕಾರಕ್ಕೆ ಗಡುವು ಕೊಟ್ಟರು, ಗಡುವು ಮುಗಿಯಿತು, ಗಡುವು ವಿಸ್ತರಿಸಿದರು ಎಂಬ ಶೀರ್ಷಿಕೆಗಳು ಓದುಗರಿಗೆ ಚಿರಪರಿಚಿತ.

ಮೂರು ಅಂಗಗಳು

ಬೆದರಿಕೆಯ ರಾಜತಾಂತ್ರಿಕತೆಯನ್ನು ಆಳವಾಗಿ ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಅಲೆಕ್ಸಾಂಡರ್ ಜಾರ್ಜ್, ಪೂರ್ಣ ಪ್ರಮಾಣದ ಅಲ್ಟಿಮೇಟಂಗೆ ಮೂರು ಅಂಗಗಳನ್ನು ಗುರುತಿಸಿದ್ದಾರೆ. ಮೊದಲನೆಯದು ಸ್ಪಷ್ಟವಾದ ಬೇಡಿಕೆ; ಎರಡನೆಯದು ಅದನ್ನು ಈಡೇರಿಸಲು ಕಾಲಮಿತಿ; ಮೂರನೆಯದು ಈಡೇರದಿದ್ದರೆ ಆಗುವ ಶಿಕ್ಷೆ, ಅದೂ ನಂಬುವಂಥದ್ದು. ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಬೇರೆ ಏನೋ ಆಗುತ್ತದೆ.

ಆದಾಯ ತೆರಿಗೆ ವಿವರ ಸಲ್ಲಿಸಲು ಇರುವ ಕೊನೆಯ ದಿನಾಂಕ ಬರೀ ಗಡುವು. ‘ನಿನ್ನನ್ನು ನೋಡಿಕೊಳ್ಳುತ್ತೇನೆ’ ಎನ್ನುವುದು ಬೇಡಿಕೆಯಿಲ್ಲದ ಬರೀ ಬೆದರಿಕೆ. ‘ರಸ್ತೆ ದುರಸ್ತಿಗೆ ಗ್ರಾಮಸ್ಥರ ಆಗ್ರಹ’ ಎಂಬ ಸುದ್ದಿಯಲ್ಲಿ ಬೇಡಿಕೆ ಇದೆ, ಕಾಲಮಿತಿಯೂ ಶಿಕ್ಷೆಯೂ ಇಲ್ಲ. ಬ್ಲ್ಯಾಕ್‌ಮೇಲ್‌ನಲ್ಲಿ ಮೂರೂ ಇರಬಹುದು. ಆದರೆ ಅದು ಗುಟ್ಟು ಬಯಲು ಮಾಡುವ ಹೆದರಿಕೆಯಿಂದ ಅಕ್ರಮ ಲಾಭ ಹಿಂಡುವ ಅಪರಾಧ. ಅಲ್ಟಿಮೇಟಂ ಸಾಮಾನ್ಯವಾಗಿ ಬಹಿರಂಗವಾಗಿ, ಸಹಿ ಹಾಕಿ ಕೊಡುವಂಥದ್ದು.

ಮಹಾಭಾರತದ ಕೃಷ್ಣಸಂಧಾನವನ್ನು ಈ ಅಳತೆಯಲ್ಲಿ ನೋಡಬಹುದು. ಪಾಂಡವರ ಬೇಡಿಕೆ ಐದು ಊರುಗಳಿಗೆ ಇಳಿಯುತ್ತದೆ. ಅದೂ ಇಲ್ಲವೆಂದರೆ ಯುದ್ಧವೇ ಎಂಬುದು ಕೌರವನ ಸಭೆಗೆ ಗೊತ್ತು. ಬೇಡಿಕೆ ಇದೆ, ಪರಿಣಾಮವೂ ಇದೆ. ದಿನ ಗೊತ್ತುಮಾಡಿದ ಗಡುವು ಮಾತ್ರ ಇಲ್ಲ. ಹಾಗಾಗಿ ಅದು ಕೊನೆಯ ಸಂಧಾನವೇ ಹೊರತು ಪೂರ್ಣ ಅಲ್ಟಿಮೇಟಂ ಅಲ್ಲ.

ರೋಮಿನ ಪುರೋಹಿತರು, ಮರಳಿನ ವೃತ್ತ

ಪದ ಹೊಸದಾದರೂ ಪದ್ಧತಿ ಹಳೆಯದು. ಪ್ರಾಚೀನ ರೋಮಿನಲ್ಲಿ ‘ಫೆಟಿಯಾಲಿಸ್’ ಎಂಬ ಪುರೋಹಿತರ ತಂಡವಿತ್ತು. ನೆರೆರಾಜ್ಯದಿಂದ ಅನ್ಯಾಯವಾಗಿದೆ ಎನಿಸಿದಾಗ ಈ ಪುರೋಹಿತರು ಗಡಿಗೆ ಹೋಗಿ, ದೇವರನ್ನು ಸಾಕ್ಷಿಯಾಗಿ ಕರೆದು, ರೋಮಿನ ಬೇಡಿಕೆಯನ್ನು ಘೋಷಿಸುತ್ತಿದ್ದರು. ಇತಿಹಾಸಕಾರ ಲಿವಿ ಹೇಳುವಂತೆ ಉತ್ತರಕ್ಕೆ 33 ದಿನ ಕಾಯುತ್ತಿದ್ದರು. ಪರಿಹಾರ ಸಿಗದಿದ್ದರೆ ಮತ್ತೆ ಗಡಿಗೆ ಹೋಗಿ ಶತ್ರುನೆಲಕ್ಕೆ ಈಟಿ ಎಸೆದು ಯುದ್ಧ ಸಾರುತ್ತಿದ್ದರು.

ಕ್ರಿ.ಪೂ. 168ರಲ್ಲಿ ಗಡುವನ್ನು ನಿಂತ ನಿಲುವಿನಲ್ಲೇ ವಿಧಿಸಿದ ಪ್ರಸಂಗವೊಂದು ನಡೆಯಿತು. ಸಿರಿಯಾದ ದೊರೆ ನಾಲ್ಕನೇ ಆಂಟಿಯೋಕಸ್ ಸೈನ್ಯ ಸಮೇತ ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಾಗಿಲಿಗೆ ಬಂದಿದ್ದ. ರೋಮಿನ ರಾಯಭಾರಿ ಪೊಪಿಲಿಯಸ್ ಲೀನಸ್, ಸೈನ್ಯ ಹಿಂದಕ್ಕೆ ಕರೆಸಬೇಕೆಂಬ ಸೆನೆಟ್‌ನ ಆದೇಶವನ್ನು ಅವನ ಕೈಗಿತ್ತ. ಆಪ್ತರೊಡನೆ ಸಮಾಲೋಚಿಸಿ ಹೇಳುತ್ತೇನೆ ಎಂದ ದೊರೆ. ಪೊಪಿಲಿಯಸ್ ಕೈಯಲ್ಲಿದ್ದ ಕೋಲಿನಿಂದ ದೊರೆಯ ಸುತ್ತ ಮರಳಿನಲ್ಲಿ ವೃತ್ತ ಎಳೆದು, ಅದರಿಂದ ಹೊರಗೆ ಕಾಲಿಡುವ ಮೊದಲು ಉತ್ತರ ಬೇಕು ಎಂದ. ಆಂಟಿಯೋಕಸ್ ಬೆಚ್ಚಿ, ಒಪ್ಪಿ, ಸೈನ್ಯದೊಂದಿಗೆ ಹಿಂದಿರುಗಿದ. ರಾಯಭಾರಿಯ ಹಿಂದೆ ಸೈನ್ಯವಿರಲಿಲ್ಲ. ಆದರೆ ಅದೇ ವರ್ಷ ಪಿಡ್ನಾದಲ್ಲಿ ಮ್ಯಾಸಿಡೋನಿಯಾವನ್ನು ರೋಮ್ ನೆಲಕಚ್ಚಿಸಿದ ಸುದ್ದಿ ದೊರೆಗೆ ತಲುಪಿತ್ತು. ಮಾತನ್ನು ನಡೆಸಿ ತೋರಿಸುವ ಶಕ್ತಿ ಇದೆ ಎಂದು ಎದುರಾಳಿ ನಂಬಿದರೆ ಆಯುಧವನ್ನು ಹೊರತೆಗೆಯಬೇಕಾಗಿಯೇ ಇಲ್ಲ.

ಶ್ರೀರಂಗಪಟ್ಟಣ ಮತ್ತು ಕಿತ್ತೂರು

ಕನ್ನಡ ನಾಡು ಎರಡು ಬಾರಿ ಈಸ್ಟ್ ಇಂಡಿಯಾ ಕಂಪನಿಯ ಇಂಥ ಕೊನೆಯ ಮಾತಿಗೆ ಎದುರಾಗಿ ನಿಂತಿತು.

1798ರ ನವೆಂಬರ್‌ನಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರೆಂಚರೊಂದಿಗಿನ ಸಂಪರ್ಕದ ಬಗ್ಗೆ ಟಿಪ್ಪು ಸುಲ್ತಾನನಿಗೆ ಪತ್ರ ಬರೆದು, ಮೇಜರ್ ಡವ್‌ಟನ್‌ನನ್ನು ಮಾತುಕತೆಗೆ ಬರಮಾಡಿಕೊಳ್ಳಬೇಕೆಂದು ಕೇಳಿದ. 1799ರ ಜನವರಿ 9ರ ಪತ್ರದಲ್ಲಿ ದನಿ ಬಿರುಸಾಯಿತು: ಪತ್ರ ತಲುಪಿದ ಒಂದು ದಿನದೊಳಗೆ ಉತ್ತರ ಬರಬೇಕು. ಬೇಟೆಗೆ ಹೊರಟಿದ್ದೇನೆ, ಮೇಜರ್‌ನನ್ನು ಕಳಿಸಿ ಎಂಬ ಟಿಪ್ಪುವಿನ ಉತ್ತರ ವೆಲ್ಲೆಸ್ಲಿಯ ಕೈ ಸೇರಿದ್ದು ಫೆಬ್ರವರಿ 13ಕ್ಕೆ. ಅಷ್ಟರಲ್ಲಿ ಕಂಪನಿಯ ಸೈನ್ಯಕ್ಕೆ ಹೊರಡುವ ಆದೇಶ ಹೋಗಿಯಾಗಿತ್ತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹೋರಾಡುತ್ತಲೇ ಮಡಿದ.

ಕಿತ್ತೂರಿನ ಕಥೆ ಇನ್ನೂ ಹತ್ತಿರದಿಂದ ನೋಡುವಂಥದ್ದು. 1824ರಲ್ಲಿ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ, ಧಾರವಾಡದ ಕಲೆಕ್ಟರ್ ಥ್ಯಾಕರೆ ಉತ್ತರಾಧಿಕಾರಿಯ ದತ್ತಕವನ್ನು ಒಪ್ಪದೆ ಸಂಸ್ಥಾನದ ಖಜಾನೆಗೆ ಮುದ್ರೆ ಹಾಕಿಸಿದ. ಅಕ್ಟೋಬರ್ 23ರಂದು ಸೈನ್ಯ, ತೋಪುಗಳೊಂದಿಗೆ ಕೋಟೆಯ ಮುಂದೆ ನಿಂತು, ಬಾಗಿಲು ತೆರೆಯದಿದ್ದರೆ ಒಡೆದು ಹಾಕುವುದಾಗಿ ಹೇಳಿ ಕೆಲವೇ ನಿಮಿಷಗಳ ಅವಕಾಶ ಕೊಟ್ಟ. ಬಾಗಿಲು ತೆರೆಯಿತು, ಆದರೆ ಶರಣಾಗಲಿಕ್ಕಲ್ಲ. ಕಿತ್ತೂರಿನ ಪಡೆ ಹೊರಗೆ ನುಗ್ಗಿತು. ಥ್ಯಾಕರೆ ಸತ್ತ, ಸ್ಟೀವನ್ಸನ್ ಮತ್ತು ಎಲಿಯಟ್ ಎಂಬ ಅಧಿಕಾರಿಗಳು ಸೆರೆಸಿಕ್ಕರು. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಗೆದ್ದಿತು, ರಾಣಿ ಚೆನ್ನಮ್ಮ ಬಂಧಿಯಾದಳು. ಕೊನೆಗೆ ಗೆದ್ದವರು ಕಂಪನಿಯವರೇ ಆದರೂ, ನಿಮಿಷಗಳ ಗಡುವು ಕೊಟ್ಟವನ ಲೆಕ್ಕ ತಪ್ಪಿತ್ತು. ಮಾನ ಕಳೆದುಕೊಳ್ಳುವುದಕ್ಕಿಂತ ಕಾದಾಡುವುದೇ ಮೇಲೆಂದು ಎದುರಿನವರು ನಿರ್ಧರಿಸಿಬಿಡಬಹುದು ಎಂಬುದನ್ನು ಅವನು ಎಣಿಸಿರಲಿಲ್ಲ.

1914: ತಿರಸ್ಕಾರ ಬಯಸಿ ಬರೆದ ಪತ್ರ

ಇತಿಹಾಸದಲ್ಲೇ ಅತ್ಯಂತ ಕುಖ್ಯಾತವಾದ ಅಲ್ಟಿಮೇಟಂ ಆಸ್ಟ್ರಿಯಾ-ಹಂಗರಿ ಸರ್ಬಿಯಾಕ್ಕೆ ಕೊಟ್ಟದ್ದು. 1914ರ ಜೂನ್ 28ರಂದು ಸರಯೇವೊದಲ್ಲಿ ಯುವರಾಜ ಫ್ರಾನ್ಸ್ ಫರ್ಡಿನಾಂಡ್‌ನ ಹತ್ಯೆಯಾಯಿತು. ಜುಲೈ 7ರಂದು ವಿಯೆನ್ನಾದಲ್ಲಿ ಸೇರಿದ ಸಚಿವರ ಸಭೆಯಲ್ಲಿ, ಹಂಗರಿಯ ಪ್ರಧಾನಿ ಟಿಸಾ ಒಬ್ಬರ ಆಕ್ಷೇಪವಿದ್ದರೂ, ಸರ್ಬಿಯಾ ಒಪ್ಪಲಾಗದಂಥ ಬೇಡಿಕೆಗಳನ್ನೇ ಮುಂದಿಡಬೇಕೆಂಬ ಅಭಿಪ್ರಾಯ ಮೇಲುಗೈ ಪಡೆಯಿತು. ಪತ್ರ ಸಿದ್ಧವಾದ ಮೇಲೂ ತಡೆದಿಟ್ಟುಕೊಂಡರು. ಫ್ರಾನ್ಸಿನ ಅಧ್ಯಕ್ಷ ಪ್ವಾಂಕಾರೆ ಆಗ ರಷ್ಯಾ ಪ್ರವಾಸದಲ್ಲಿದ್ದರು. ಆ ಎರಡು ದೇಶಗಳ ನಾಯಕರು ಒಟ್ಟಿಗೆ ಕುಳಿತು ಸಮಾಲೋಚಿಸಲು ಅವಕಾಶ ಸಿಗಬಾರದಿತ್ತು.

ಜುಲೈ 23ರ ಸಂಜೆ 6 ಗಂಟೆಗೆ ರಾಯಭಾರಿ ಗೀಸಲ್ ಬೆಲ್‌ಗ್ರೇಡ್‌ನಲ್ಲಿ ಪತ್ರ ಕೊಟ್ಟ. ಪ್ರಧಾನಿ ಪಾಶಿಚ್ ಚುನಾವಣಾ ಪ್ರಚಾರಕ್ಕೆ ಹೋಗಿದ್ದರಿಂದ ಹಣಕಾಸು ಸಚಿವ ಪಾಚು ಅದನ್ನು ಪಡೆದುಕೊಂಡರು. ಹತ್ತು ಬೇಡಿಕೆ, 48 ಗಂಟೆಗಳ ಗಡುವು. ಆಸ್ಟ್ರಿಯಾ ವಿರೋಧಿ ಪ್ರಕಟಣೆಗಳನ್ನು ಹತ್ತಿಕ್ಕುವುದು, ಸಂಘಟನೆಗಳನ್ನು ವಿಸರ್ಜಿಸುವುದು, ಅಧಿಕಾರಿಗಳನ್ನು ವಜಾ ಮಾಡುವುದು ಅವುಗಳಲ್ಲಿ ಕೆಲವು. ಆರನೆಯ ಬೇಡಿಕೆ, ಸರ್ಬಿಯಾದ ನೆಲದಲ್ಲಿ ನಡೆಯುವ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳೂ ಪಾಲ್ಗೊಳ್ಳಬೇಕು ಎಂಬುದು, ದೇಶದ ಸಾರ್ವಭೌಮತ್ವಕ್ಕೇ ಕೈ ಹಾಕುವಂತಿತ್ತು.

25ರ ಸಂಜೆ, ಗಡುವು ಮುಗಿಯಲು ಕೆಲವೇ ನಿಮಿಷಗಳಿದ್ದಾಗ, ಪಾಶಿಚ್ ಸ್ವತಃ ಉತ್ತರ ತಂದುಕೊಟ್ಟರು. ಹೆಚ್ಚಿನ ಬೇಡಿಕೆಗಳಿಗೆ ಪೂರ್ಣವಾಗಿಯೋ ಷರತ್ತಿನೊಂದಿಗೋ ಒಪ್ಪಿಗೆಯಿತ್ತು. ಆರನೆಯದಕ್ಕೆ ಮಾತ್ರ ಸಂವಿಧಾನಕ್ಕೆ ವಿರುದ್ಧವೆಂಬ ಕಾರಣಕ್ಕೆ ನಿರಾಕರಣೆ. ಗೀಸಲ್ ಅದರ ಮೇಲೆ ಕಣ್ಣಾಡಿಸಿ, ಸಂಬಂಧ ಕಡಿದುಕೊಂಡಿರುವುದಾಗಿ ತಿಳಿಸಿ, 6.30ರ ರೈಲು ಹಿಡಿದು ಬೆಲ್‌ಗ್ರೇಡ್ ಬಿಟ್ಟ. ಜುಲೈ 28ರಂದು ಯುದ್ಧ ಘೋಷಣೆಯಾಯಿತು. ಸರ್ಬಿಯಾದ ಉತ್ತರವನ್ನು ಅದೇ ದಿನ ಓದಿದ ಜರ್ಮನಿಯ ಚಕ್ರವರ್ತಿ ವಿಲ್‌ಹೆಲ್ಮ್, ಇನ್ನು ಯುದ್ಧಕ್ಕೆ ಕಾರಣವೇ ಇಲ್ಲ ಎಂದು ಅದರ ಮೇಲೆ ಷರಾ ಬರೆದ. ಆದರೆ ಹೊತ್ತು ಮೀರಿತ್ತು. ಆಗಸ್ಟ್ 2ರಂದು ಜರ್ಮನಿ ಬೆಲ್ಜಿಯಂಗೆ 12 ಗಂಟೆಗಳ ಗಡುವು ಕೊಟ್ಟಿತು. 4ರಂದು ಬ್ರಿಟನ್ ಜರ್ಮನಿಗೆ ಗಡುವು ಕೊಟ್ಟಿತು. ಒಂದರ ಬೆನ್ನಿಗೆ ಇನ್ನೊಂದು ಗಡುವು ಮುಗಿಯುತ್ತಾ ಇಡೀ ಯುರೋಪ್ ಯುದ್ಧಕ್ಕಿಳಿಯಿತು.

ಬ್ರಿಟನ್ ಯುದ್ಧಕ್ಕಿಳಿದರೆ ಭಾರತವೂ ಇಳಿಯಲೇಬೇಕಿತ್ತು. ಮೈಸೂರು ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಪ್ಯಾಲೆಸ್ತೀನ್‌ವರೆಗೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರ್‌ಗಳೊಂದಿಗೆ ಹೈಫಾ ಪಟ್ಟಣವನ್ನು ಗೆದ್ದಿತು. ಬೆಲ್‌ಗ್ರೇಡ್‌ನಲ್ಲಿ ಕೈ ಬದಲಾದ ಕಾಗದದ ಬೆಲೆಯನ್ನು ಮೈಸೂರಿನ ಸವಾರರೂ ತೆತ್ತರು.

ಗಾಂಧೀಜಿಯ ಅಲ್ಟಿಮೇಟಂ

ಶಿಕ್ಷೆಯನ್ನು ಎದುರಾಳಿಗೆ ಕೊಡುವ ಬದಲು ತಾನೇ ಹೊರುತ್ತೇನೆ ಎಂದು ಹೇಳುವ ಅಲ್ಟಿಮೇಟಂ ಸಾಧ್ಯವೇ? ಗಾಂಧೀಜಿ ಅದನ್ನು ಮಾಡಿ ತೋರಿಸಿದರು. 1930ರ ಮಾರ್ಚ್ 2ರಂದು ವೈಸರಾಯ್ ಇರ್ವಿನ್‌ಗೆ ‘ಪ್ರಿಯ ಮಿತ್ರ’ ಎಂಬ ಸಂಬೋಧನೆಯ ದೀರ್ಘ ಪತ್ರ ಬರೆದರು. ಬ್ರಿಟಿಷ್ ಆಡಳಿತದ ಅನ್ಯಾಯಗಳನ್ನು ಪಟ್ಟಿ ಮಾಡಿ, ಅವುಗಳಿಗೆ ಪರಿಹಾರ ಸಿಗದಿದ್ದರೆ ಅದೇ ತಿಂಗಳ 11ರಂದು ಆಶ್ರಮವಾಸಿಗಳೊಂದಿಗೆ ಉಪ್ಪಿನ ಕಾನೂನು ಮುರಿಯಲು ಹೊರಡುವುದಾಗಿ ತಿಳಿಸಿದರು. ಪತ್ರ ಒಯ್ದವರು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣ; ಈ ಹೋರಾಟ ಇಂಗ್ಲಿಷರ ಮೇಲಿನ ದ್ವೇಷವಲ್ಲ ಎಂಬುದಕ್ಕೆ ಗಾಂಧೀಜಿ ಆ ಆಯ್ಕೆಯನ್ನೇ ಸಾಕ್ಷಿಯಾಗಿಸಿದರು. ವೈಸರಾಯ್ ಬೇಡಿಕೆಗೆ ಮಣಿಯಲಿಲ್ಲ. ಮಾರ್ಚ್ 12ರಂದು ಸಬರಮತಿಯಿಂದ ದಂಡಿ ಯಾತ್ರೆ ಹೊರಟಿತು. ಯಾತ್ರಿಕರಲ್ಲಿ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರು.

ಅದಕ್ಕೂ ಎಂಟು ವರ್ಷ ಹಿಂದೆ ಗಾಂಧೀಜಿ ಇನ್ನೊಂದು ಗಡುವು ಕೊಟ್ಟಿದ್ದರು. 1922ರ ಫೆಬ್ರವರಿ 1ರಂದು ವೈಸರಾಯ್ ರೀಡಿಂಗ್‌ಗೆ ಬರೆದು, ಏಳು ದಿನಗಳಲ್ಲಿ ಸರ್ಕಾರ ತನ್ನ ದಮನ ನೀತಿ ಬದಲಿಸದಿದ್ದರೆ ಬಾರ್ಡೋಲಿಯಲ್ಲಿ ಸಾಮೂಹಿಕ ಕಾನೂನುಭಂಗ ಆರಂಭಿಸುವುದಾಗಿ ಹೇಳಿದ್ದರು. ಅಷ್ಟರಲ್ಲಿ ಚೌರಿ ಚೌರಾದಲ್ಲಿ ಜನ ಪೊಲೀಸ್ ಠಾಣೆಗೆ ಬೆಂಕಿ ಹಚ್ಚಿ ಪೊಲೀಸರನ್ನು ಕೊಂದರು. ಗಾಂಧೀಜಿ ಗಡುವನ್ನೂ ಚಳವಳಿಯನ್ನೂ ಹಿಂತೆಗೆದುಕೊಂಡರು. ಜತೆಗಾರರೇ ಸಿಟ್ಟಾದರು. ಕೊಟ್ಟ ಮಾತಿಗಿಂತ ಹಿಡಿದ ಮಾರ್ಗ ದೊಡ್ಡದು ಎಂದು ತೋರಿಸಲು ಬೇಕಾದ ಧೈರ್ಯ ಬಹಳ ಕಡಿಮೆ ನಾಯಕರಲ್ಲಿ ಇರುತ್ತದೆ.

ಕರಗಿಹೋದ ಗಡುವು

1965ರ ಸೆಪ್ಟೆಂಬರ್‌ನಲ್ಲಿ ಭಾರತ ಮತ್ತು ಪಾಕಿಸ್ತಾನದ ಯುದ್ಧ ಕಾವೇರಿದ್ದಾಗ, ಚೀನಾ ಭಾರತಕ್ಕೆ ಅಲ್ಟಿಮೇಟಂ ಕೊಟ್ಟಿತು. ಸಿಕ್ಕಿಂ ಗಡಿಯಲ್ಲಿ ಭಾರತ ಕಟ್ಟಿದೆಯೆನ್ನಲಾದ ಸೇನಾ ನೆಲೆಗಳನ್ನು ಮೂರು ದಿನಗಳಲ್ಲಿ ಕೆಡವಬೇಕು. ಅಪಹರಿಸಿದೆಯೆನ್ನಲಾದ ಟಿಬೆಟನ್ನರನ್ನೂ ಕುರಿ, ಯಾಕ್‌ಗಳನ್ನೂ ಮರಳಿಸಬೇಕು ಎಂಬುದು ಬೇಡಿಕೆ. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಮಣಿಯಲಿಲ್ಲ. ಅಟಲ್ ಬಿಹಾರಿ ವಾಜಪೇಯಿ ಕುರಿ ಹಿಂಡನ್ನೇ ದೆಹಲಿಯ ಚೀನೀ ರಾಯಭಾರ ಕಚೇರಿಯ ಬಾಗಿಲಿಗೆ ಹೊಡೆದುಕೊಂಡು ಹೋಗಿ ಪ್ರತಿಭಟಿಸಿದರು. ಚೀನಾ ಗಡುವನ್ನು ಸೆಪ್ಟೆಂಬರ್ 22ರ ಮಧ್ಯರಾತ್ರಿಗೆ ವಿಸ್ತರಿಸಿತು. ಅಷ್ಟರಲ್ಲಿ ಕದನವಿರಾಮವಾಯಿತು, ಬೆದರಿಸಿದ ದಾಳಿ ನಡೆಯಲಿಲ್ಲ. ಗಡುವು ಒಮ್ಮೆ ಮುಂದಕ್ಕೆ ಹೋದರೆ, ಕೊಟ್ಟವನ ಮುಂದಿನ ಮಾತಿಗೂ ತೂಕ ಕಡಿಮೆಯಾಗುತ್ತದೆ.

ಹೊರಬರುವ ಬಾಗಿಲು: ಕ್ಯೂಬಾ, 1962

ಯುದ್ಧ ತಪ್ಪಿಸಿದ ಉದಾಹರಣೆ ಬೇಕಿದ್ದರೆ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟನ್ನು ನೋಡಬೇಕು. 1962ರ ಅಕ್ಟೋಬರ್ 27ರ ರಾತ್ರಿ ಅಮೆರಿಕದ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ಡೊಬ್ರಿನಿನ್‌ರನ್ನು ತಮ್ಮ ಕಚೇರಿಗೆ ಕರೆಸಿಕೊಂಡರು. ಕ್ಯೂಬಾದಲ್ಲಿರುವ ಸೋವಿಯತ್ ಕ್ಷಿಪಣಿಗಳನ್ನು ತೆಗೆಯುವ ಭರವಸೆ ಮರುದಿನದೊಳಗೆ ಬೇಕು, ಇಲ್ಲದಿದ್ದರೆ ನಾವೇ ತೆಗೆಯುತ್ತೇವೆ ಎಂದರು. ಇದು ಅಲ್ಟಿಮೇಟಂ ಅಲ್ಲ, ವಸ್ತುಸ್ಥಿತಿಯ ವಿವರಣೆ ಎಂದೂ ಸೇರಿಸಿದರು ಎಂದು ಅವರೇ ಬರೆದಿದ್ದಾರೆ. ಬೇಡಿಕೆ, ಕಾಲಮಿತಿ, ಪರಿಣಾಮ ಮೂರೂ ಅಲ್ಲಿದ್ದವು; ಹೆಸರು ಮಾತ್ರ ಇರಲಿಲ್ಲ. ಜತೆಗೆ ಎರಡು ಭರವಸೆಗಳಿದ್ದವು: ಅಮೆರಿಕ ಕ್ಯೂಬಾದ ಮೇಲೆ ದಾಳಿ ಮಾಡುವುದಿಲ್ಲ, ಟರ್ಕಿಯಲ್ಲಿರುವ ಅಮೆರಿಕದ ಕ್ಷಿಪಣಿಗಳನ್ನು ಕೆಲವು ತಿಂಗಳಲ್ಲಿ, ಗುಟ್ಟಾಗಿ ತೆಗೆಯಲಾಗುವುದು. ಮರುದಿನವೇ ಸೋವಿಯತ್ ನಾಯಕ ಕ್ರುಶ್ಚೇವ್ ಕ್ಷಿಪಣಿ ತೆಗೆಯುವುದಾಗಿ ಘೋಷಿಸಿದರು. 1914ರ ಪತ್ರ ಸರ್ಬಿಯಾಕ್ಕೆ ಮುಖ ಉಳಿಸಿಕೊಳ್ಳುವ ದಾರಿಯನ್ನೇ ಮುಚ್ಚಿತ್ತು. ಕೆನಡಿ ಆ ದಾರಿಯನ್ನು ತಾವಾಗಿ ತೆರೆದಿಟ್ಟರು.

ಅಂತರರಾಷ್ಟ್ರೀಯ ಕಾನೂನಿನಲ್ಲಿ

1904ರಲ್ಲಿ ಜಪಾನ್ ಯುದ್ಧ ಸಾರದೆಯೇ ಪೋರ್ಟ್ ಆರ್ಥರ್‌ನಲ್ಲಿ ರಷ್ಯಾದ ನೌಕಾಪಡೆಯ ಮೇಲೆ ಎರಗಿತು. ಆ ಬಳಿಕ 1907ರ ಮೂರನೇ ಹೇಗ್ ಒಪ್ಪಂದ ರೂಪುಗೊಂಡಿತು. ಕಾರಣ ಕೊಟ್ಟು ಮಾಡುವ ಯುದ್ಧ ಘೋಷಣೆ ಅಥವಾ ಷರತ್ತುಬದ್ಧ ಘೋಷಣೆಯುಳ್ಳ ಅಲ್ಟಿಮೇಟಂ ಇಲ್ಲದೆ ಯುದ್ಧ ಆರಂಭಿಸಕೂಡದು ಎಂದು ಅದರ ಮೊದಲ ವಿಧಿ ಹೇಳುತ್ತದೆ. ಅಲ್ಟಿಮೇಟಂ ಆಗ ನ್ಯಾಯಬದ್ಧ ಯುದ್ಧಕ್ಕೆ ಹೆಬ್ಬಾಗಿಲಾಗಿತ್ತು.

1945ರ ವಿಶ್ವಸಂಸ್ಥೆಯ ಸನ್ನದು ಈ ನೋಟವನ್ನು ಬದಲಿಸಿತು. ಬಲಪ್ರಯೋಗವನ್ನಷ್ಟೇ ಅಲ್ಲ, ಬಲಪ್ರಯೋಗದ ಬೆದರಿಕೆಯನ್ನೂ ಅದು ನಿಷೇಧಿಸುತ್ತದೆ. ಒಪ್ಪಂದಗಳ ಕಾನೂನು ಕುರಿತ 1969ರ ವಿಯೆನ್ನಾ ಒಪ್ಪಂದದ 52ನೇ ವಿಧಿಯಂತೆ, ಸನ್ನದಿಗೆ ವಿರುದ್ಧವಾಗಿ ಬಲದ ಬೆದರಿಕೆ ಒಡ್ಡಿ ಮಾಡಿಸಿಕೊಂಡ ಒಪ್ಪಂದ ಅಸಿಂಧು. ಭದ್ರತಾ ಮಂಡಳಿ ತಾನೇ ಗಡುವು ಕೊಡಬಹುದು. ಕುವೈತ್‌ನಿಂದ ಹೊರಡಲು ಇರಾಕ್‌ಗೆ 1991ರ ಜನವರಿ 15ರ ಗಡುವು ಕೊಟ್ಟ 678ನೇ ನಿರ್ಣಯ ಇದಕ್ಕೆ ನಿದರ್ಶನ. 2003ರ ಮಾರ್ಚ್ 17ರಂದು ಅಮೆರಿಕದ ಅಧ್ಯಕ್ಷ ಬುಷ್ ಇರಾಕ್‌ನ ಸದ್ದಾಂ ಹುಸೇನ್‌ಗೆ ದೇಶ ಬಿಡಲು ಕೊಟ್ಟ 48 ಗಂಟೆಗಳ ಗಡುವಿಗೆ ಮಂಡಳಿಯ ಅಂಥ ಹೊಸ ಅನುಮೋದನೆ ಇರಲಿಲ್ಲ. ಆ ಯುದ್ಧದ ನ್ಯಾಯಬದ್ಧತೆ ಇಂದಿಗೂ ಪ್ರಶ್ನೆಗೊಳಗಾಗುತ್ತಿದೆ.

ಅಲ್ಟಿಮೇಟಂ ಗೇಮ್

ಅರ್ಥಶಾಸ್ತ್ರದಲ್ಲಿ ಈ ಪದ ಒಂದು ಪ್ರಯೋಗದ ಹೆಸರು. 1982ರಲ್ಲಿ ಜರ್ಮನಿಯ ವರ್ನರ್ ಗ್ಯೂಥ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ಇಬ್ಬರಲ್ಲಿ ಒಬ್ಬರ ಕೈಗೆ ಸ್ವಲ್ಪ ಹಣ ಕೊಟ್ಟು, ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲು ಹೇಳುತ್ತಾರೆ. ಎಷ್ಟು ಕೊಡಬೇಕೆಂಬುದು ಮೊದಲನೆಯವರ ಇಷ್ಟ, ಚೌಕಾಸಿ ಇಲ್ಲ. ಎರಡನೆಯವರು ಒಪ್ಪಿದರೆ ಇಬ್ಬರಿಗೂ ಹಣ, ಬೇಡವೆಂದರೆ ಇಬ್ಬರಿಗೂ ಸೊನ್ನೆ. ಲಾಭದ ಲೆಕ್ಕವೊಂದೇ ಆಗಿದ್ದರೆ ಒಂದು ರೂಪಾಯಿ ಕೊಟ್ಟರೂ ಒಪ್ಪಬೇಕು. ಆದರೆ ಶೇ 20ಕ್ಕಿಂತ ಕಡಿಮೆ ಪಾಲು ಕೊಟ್ಟಾಗ ಅನೇಕರು ನಷ್ಟವಾದರೂ ಸರಿಯೆಂದು ತಿರಸ್ಕರಿಸುತ್ತಾರೆ. ಕೊಡುವವರೂ ಸಾಮಾನ್ಯವಾಗಿ ಶೇ 40ರಿಂದ 50ರಷ್ಟು ಮುಂದಿಡುತ್ತಾರೆ. ಅವಮಾನವೆನಿಸುವ ಷರತ್ತನ್ನು ಮನುಷ್ಯ ಸ್ವಂತ ನಷ್ಟದಲ್ಲೂ ನಿರಾಕರಿಸುತ್ತಾನೆ. ಥ್ಯಾಕರೆ ಕಿತ್ತೂರಿನ ಬಾಗಿಲಲ್ಲಿ ಕಾಣದೆ ಹೋದದ್ದು ಇದೇ ಸತ್ಯ.

ದಿನನಿತ್ಯದ ಕಾನೂನಿನಲ್ಲಿ

ಹೆಸರು ಬೇರೆಯಾದರೂ ಅಲ್ಟಿಮೇಟಂನ ರೂಪ ನಮ್ಮ ಕಾನೂನಿನಲ್ಲೂ ಇದೆ. ಚೆಕ್ ಬೌನ್ಸ್ ಆದರೆ, ವಿಷಯ ತಿಳಿದ 30 ದಿನಗಳೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕಳಿಸಬೇಕು; ನೋಟಿಸ್ ತಲುಪಿದ 15 ದಿನಗಳಲ್ಲಿ ಅವರು ಹಣ ಕೊಡದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಮೊಕದ್ದಮೆ ಹೂಡಬಹುದು. ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡುವ ಮೊದಲು ಸಾಮಾನ್ಯವಾಗಿ ಎರಡು ತಿಂಗಳ ನೋಟಿಸ್ ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮು ಹೇಳುತ್ತದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಸಾರಿಗೆಯಂಥ ಸಾರ್ವಜನಿಕ ಸೇವೆಗಳ ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಕಡ್ಡಾಯ ಮಾಡಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ನಿಯಮವನ್ನು ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ವಿಸ್ತರಿಸಿತು. ಎದುರಿನವರಿಗೆ ತಪ್ಪು ತಿದ್ದಿಕೊಳ್ಳಲು ನಿಜವಾದ ಅವಕಾಶ ಸಿಗಲಿ ಎಂಬುದೇ ಇವೆಲ್ಲದರ ಉದ್ದೇಶ.

ಕೊಡುವ ಮುನ್ನ ಕೇಳಿಕೊಳ್ಳಬೇಕಾದದ್ದು

ಇಷ್ಟು ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ತೀರ್ಪು ಸ್ಪಷ್ಟ. ಅಲ್ಟಿಮೇಟಂನ ಬಲ ಅದರ ದನಿಯ ಬಿರುಸಿನಲ್ಲಿಲ್ಲ. ಬೇಡಿಕೆ ಈಡೇರಿಸಬಹುದಾದ್ದೇ? ಕೊಟ್ಟ ಹೊತ್ತು ಸಾಕೇ? ಮಣಿದವರಿಗೆ ಮಾನ ಉಳಿಸಿಕೊಳ್ಳುವ ದಾರಿ ಇದೆಯೇ? ಗಡುವು ಮುಗಿದ ಮರುದಿನ ಏನು ಮಾಡಬೇಕೆಂದು ನಮಗೆ ಗೊತ್ತಿದೆಯೇ? ಈ ನಾಲ್ಕಕ್ಕೂ ಹೌದು ಎಂದು ಪ್ರಾಮಾಣಿಕವಾಗಿ ಹೇಳಬಲ್ಲವರ ಕೈಯಲ್ಲಿ ಮಾತ್ರ ಅದು ಸಂಧಾನದ ಸಾಧನ. ಉಳಿದವರ ಕೈಯಲ್ಲಿ ಅದು ಒಂದೋ ಹುಸಿ ಬೆದರಿಕೆ, ಇಲ್ಲವೇ ಜಗಳಕ್ಕೆ ಹುಡುಕಿದ ನೆಪ. ಸಂಘಟನೆಯಾಗಲಿ ಸರ್ಕಾರವಾಗಲಿ ಮನೆಯ ಹಿರಿಯರಾಗಲಿ, ಕೊನೆಯ ಮಾತನ್ನು ಕೊನೆಗೇ ಆಡಬೇಕು. ಅದಕ್ಕೂ ಮೊದಲು ಆಡಬಹುದಾದ ಮಾತುಗಳನ್ನೆಲ್ಲ ಆಡಿ ಮುಗಿಸಿರಬೇಕು.